ಜಿರಳೆಯ ಹತ್ತಿರ ವೀಸಾ ಕೇಳಿದ ದೃಶ್ಯ

ಎರಡು ವರ್ಷದ ಹಿಂದೆ ನಾನು ಒಂದು ಧಾರಾವಾಹಿಗೆ ಸಂಭಾಷಣೆ ಬರೆಯುತ್ತಿದ್ದೆ. ವಾರಕ್ಕೆ ಆರು ಎಪಿಸೋಡ್. ರಾತ್ರಿ ಬರೆದು ಕಳಿಸಿದ್ದು ಮಾರನೇ ದಿನ ಶೂಟ್ ಆಗಿಬಿಡುತ್ತಿತ್ತು. ಆ ವೇಗದಲ್ಲಿ ಎಲ್ಲ ದೃಶ್ಯಕ್ಕೂ ಜೀವ ತುಂಬೋದು ಕಷ್ಟ. ಆದರೆ ಒಂದು ದೃಶ್ಯ ಮಾತ್ರ ನನಗೆ ತುಂಬಾ ಬೇಕಾದದ್ದಾಗಿತ್ತು. ಅತ್ತೆ ಸೊಸೆ ಹಿಂದಿನ ರಾತ್ರಿ ಜಗಳ ಆಡಿದ್ದಾರೆ. ಬೆಳಿಗ್ಗೆ ಸೊಸೆ ಕಾಫಿ ಮಾಡಿಕೊಂಡು, ಕುಡಿಯದೆ, ಲೋಟ ಪಕ್ಕದಲ್ಲಿಟ್ಟುಕೊಂಡು ಹಿತ್ತಲ ಬಾಗಿಲಲ್ಲಿ ಕೂತಿದ್ದಾಳೆ. ಅತ್ತೆ ಬರುತ್ತಾಳೆ. ಬಗ್ಗಿ ಲೋಟ ಮುಟ್ಟಿ ನೋಡುತ್ತಾಳೆ. ಒಳಗೆ ತೆಗೆದುಕೊಂಡು ಹೋಗಿ, ಬಿಸಿ ಮಾಡಿ, ಸೆರಗಲ್ಲಿ ಹಿಡಿದುಕೊಂಡು ಬಂದು ಅಲ್ಲೇ ಇಡುತ್ತಾಳೆ. "ಆರಿಹೋಗಿತ್ತು" ಅನ್ನುತ್ತಾಳೆ. ಅಷ್ಟೇ. ಇಡೀ ದೃಶ್ಯಕ್ಕೆ ಒಂದೇ ಮಾತು.

ಅವತ್ತು ಬೇರೇನೋ ಕೆಲಸಕ್ಕೆ ಸೆಟ್‌ಗೆ ಹೋಗಿದ್ದೆ. ಕೆಂಗೇರಿ ಕಡೆ ಬಾಡಿಗೆಗೆ ಹಿಡಿದಿದ್ದ ಮನೆ. ಹೋಗುವ ಹೊತ್ತಿಗೆ ಅದೇ ಸೀನ್ ನಡೆಯುತ್ತಿತ್ತು. ಲೋಟ ಇರಲಿಲ್ಲ. ಹಿತ್ತಲ ಬಾಗಿಲೂ ಇರಲಿಲ್ಲ. ಹಾಲ್‌ನ ಸೋಫಾ ಮುಂದೆ ಅತ್ತೆ ನಿಂತಿದ್ದರು. ಕ್ಷಮೆ ಎಂದರೇನು, ಹೆಣ್ಣಿನ ಮನಸ್ಸು ಎಂದರೇನು ಅಂತ ಒಂದೂವರೆ ಪುಟದ ಮಾತು. ಹಿಂದಿನಿಂದ ಹುಡುಗನೊಬ್ಬ ಒಂದೊಂದೇ ಸಾಲು ಪ್ರಾಂಪ್ಟ್ ಮಾಡುತ್ತಿದ್ದ. ಬ್ರೇಕ್‌ನಲ್ಲಿ ಅಲ್ಲಿದ್ದವರೊಬ್ಬರನ್ನು ಕೇಳಿದೆ. ಅವರು ನಗುತ್ತಲೇ ಹೇಳಿದರು: "ನೀವು ಬರೆದಾಯ್ತಲ್ಲ ಮೇಡಂ, ಇನ್ನು ನಿಮಗೆ ಇಲ್ಲೇನು ಕೆಲಸ? ಕೂತ್ಕೊಳ್ಳಿ, ಟೀ ಕುಡೀರಿ."

ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಎಲ್ಲರಿಗೂ ಗೊತ್ತಿರುವ ಒಂದು ಸಂಗತಿಯನ್ನು ಹೇಳುವ ಹಾಗೆ ಹೇಳಿದ್ದರು. ಅದಕ್ಕೇ ಅದು ನನ್ನೊಳಗೆ ಉಳಿದುಬಿಟ್ಟಿತು. ಬರೆದ ಮೇಲೆ ಬರೆದವರಿಗೆ ನಿಜಕ್ಕೂ ಕೆಲಸ ಇಲ್ಲವಾ? ಈ ಪ್ರಶ್ನೆ ಹಿಡಿದುಕೊಂಡು ತಿರುಗುತ್ತಿದ್ದಾಗ ನನಗೆ ಮತ್ತೆ ಮತ್ತೆ ನೆನಪಾಗಿದ್ದು ಹಾಲಿವುಡ್‌ನ ಬರಹಗಾರ, ನಿರ್ದೇಶಕ ಬಿಲ್ಲಿ ವೈಲ್ಡರ್.

ಮೆಕ್ಸಿಕಾಲಿಯ ಕೋಣೆ

ವೈಲ್ಡರ್ ಸಿನಿಮಾಗಳನ್ನು ನಾವೆಲ್ಲ ನೋಡಿದ್ದೇವೆ. 'ಸಮ್ ಲೈಕ್ ಇಟ್ ಹಾಟ್' ನೋಡದವರೂ ಅದರ ಕಥೆಯನ್ನು ಒಂದಲ್ಲ ಒಂದು ರೂಪದಲ್ಲಿ ಕೇಳಿರುತ್ತಾರೆ. ಆದರೆ ಆತ ನಿರ್ದೇಶಕನಾಗಿದ್ದು ಯಾಕೆ ಅನ್ನುವುದು ನನಗೆ ಆತನ ಸಿನಿಮಾಗಳಷ್ಟೇ ಮುಖ್ಯ. ಅದಕ್ಕೆ ಕಾರಣ ಒಂದು ಜಿರಳೆ.

ಆತ ಹುಟ್ಟಿದ್ದು 1906ರಲ್ಲಿ, ಆಗ ಆಸ್ಟ್ರಿಯಾ-ಹಂಗೇರಿಯ ಭಾಗವಾಗಿದ್ದ, ಈಗ ಪೋಲೆಂಡಿನಲ್ಲಿರುವ ಸುಖಾ ಎಂಬ ಊರಲ್ಲಿ. ವಿಯೆನ್ನಾದಲ್ಲಿ ವರದಿಗಾರ, ಆಮೇಲೆ ಬರ್ಲಿನ್‌ನಲ್ಲಿ ಸಿನಿಮಾಗೆ ಬರೆಯುವವನು. 1933ರಲ್ಲಿ ಹಿಟ್ಲರ್ ಕೈಗೆ ಅಧಿಕಾರ ಬಂತು. ಯಹೂದಿಯಾದ ವೈಲ್ಡರ್ ಪ್ಯಾರಿಸ್‌ಗೆ ಓಡಿದ. 1934ರಲ್ಲಿ ಅಮೆರಿಕ ಸೇರಿದ. ಕೈಯಲ್ಲಿದ್ದದ್ದು ಸ್ವಲ್ಪ ಕಾಲದ ವೀಸಾ. ಅದು ಮುಗಿದ ಮೇಲೆ ದೇಶದಿಂದ ಹೊರಗೆ ಹೋಗಿ ಹೊಸ ವೀಸಾದೊಂದಿಗೆ ಬರಬೇಕು. ಹಾಗಾಗಿ ಗಡಿ ದಾಟಿ ಮೆಕ್ಸಿಕೋದ ಮೆಕ್ಸಿಕಾಲಿಗೆ ಹೋದ. ಅಲ್ಲಿನ ಅಮೆರಿಕನ್ ಕಾನ್ಸುಲ್ ಮುಂದೆ ನಿಂತಾಗ ಬೇಕಾದ ಕಾಗದಪತ್ರಗಳಲ್ಲಿ ಮುಕ್ಕಾಲು ಪಾಲು ಆತನ ಹತ್ತಿರ ಇರಲಿಲ್ಲ. ಅವನ್ನು ತರಿಸಬೇಕಾದದ್ದು ನಾಜಿಗಳ ಜರ್ಮನಿಯಿಂದ. ಕಳಿಸುವವರು ಯಾರು?

ಕಾನ್ಸುಲ್ ಏನು ಕೆಲಸ ಮಾಡ್ತೀಯ ಅಂತ ಕೇಳಿದ. ಸಿನಿಮಾಗೆ ಬರೆಯುತ್ತೇನೆ ಅಂದ ಈತ. ಕಾನ್ಸುಲ್ ಎದ್ದು ಆತನ ಹಿಂದೆ ಅತ್ತಿಂದಿತ್ತ ಓಡಾಡಿದ. ಆಮೇಲೆ ಬಂದು ಪಾಸ್‌ಪೋರ್ಟ್ ತೆಗೆದು ಮುದ್ರೆ ಒತ್ತಿ ವಾಪಸ್ ಕೊಟ್ಟ. ಒಳ್ಳೆಯದನ್ನು ಬರಿ ಅಂದ. ಈ ಘಟನೆಯನ್ನು ವೈಲ್ಡರ್ 1988ರಲ್ಲಿ, ತನ್ನ 81ನೇ ವಯಸ್ಸಿನಲ್ಲಿ, ಆಸ್ಕರ್ ವೇದಿಕೆ ಮೇಲೆ ನಿಂತು ಹೇಳಿದ. ನಿರ್ಮಾಪಕರ ಒಟ್ಟು ಕೆಲಸವನ್ನು ಮೆಚ್ಚಿ ಕೊಡುವ ಥಾಲ್‌ಬರ್ಗ್ ಪ್ರಶಸ್ತಿ ಸ್ವೀಕರಿಸುವಾಗ, ಎಲ್ಲರಿಗಿಂತ ಜಾಸ್ತಿ ಆತ ನೆನೆದಿದ್ದು ಹೆಸರೂ ಗೊತ್ತಿಲ್ಲದ ಆ ಅಧಿಕಾರಿಯನ್ನು. ಆ ಮುದ್ರೆ ಎಷ್ಟು ದೊಡ್ಡದು ಅಂತ ಆತನಿಗೆ ಗೊತ್ತಿತ್ತು. ಯೂರೋಪಿನಲ್ಲೇ ಉಳಿದ ತಾಯಿ, ಅಜ್ಜಿ, ಮಲತಂದೆ ಮೂವರೂ ನಾಜಿಗಳ ಕೈಯಲ್ಲಿ ಸತ್ತರು.

ಈಗ ಜಿರಳೆಗೆ ಬರೋಣ. 1936ರಲ್ಲಿ ಪ್ಯಾರಮೌಂಟ್ ಸ್ಟುಡಿಯೋ ವೈಲ್ಡರ್‌ನನ್ನು ಚಾರ್ಲ್ಸ್ ಬ್ರಾಕೆಟ್ ಎಂಬ ಬರಹಗಾರನ ಜೊತೆ ಕೂರಿಸಿತು. ಇಬ್ಬರೂ ಸೇರಿ 'ಹೋಲ್ಡ್ ಬ್ಯಾಕ್ ದ ಡಾನ್' ಅನ್ನುವ ಚಿತ್ರಕಥೆ ಬರೆದರು. 1941ರಲ್ಲಿ ಬಂದ ಸಿನಿಮಾ. ನಾಯಕ ರೊಮೇನಿಯಾದವನು. ಅಮೆರಿಕದ ವೀಸಾಕ್ಕೆ ಕಾಯುತ್ತಾ ಮೆಕ್ಸಿಕೋ ಗಡಿಯ ಬಡ ಹೋಟೆಲಿನಲ್ಲಿ ಬಿದ್ದಿದ್ದಾನೆ. ಮೈಮೇಲೆ ಹಳೇ ಬಟ್ಟೆ, ಮುಂದೇನು ಅಂತ ಗೊತ್ತಿಲ್ಲ. ಗೋಡೆ ಮೇಲೆ ಜಿರಳೆಯೊಂದು ಹತ್ತುತ್ತಿದೆ. ಇವನು ಕೈಯಲ್ಲಿದ್ದ ಕೋಲಿನಿಂದ ಅದನ್ನು ತಡೆಯುತ್ತಾನೆ. ಗಡಿಯ ಅಧಿಕಾರಿಯ ಗತ್ತಿನಲ್ಲಿ ವಿಚಾರಣೆ ಮಾಡುತ್ತಾನೆ. ಎಲ್ಲಿಗೆ ಹೊರಟೆ? ವೀಸಾ ಇದೆಯಾ? ಇಲ್ಲವಾ? ಹಾಗಾದರೆ ಹೋಗುವ ಹಾಗಿಲ್ಲ.

ಮುಂದಿನದನ್ನು ವೈಲ್ಡರ್ ಆಮೇಲೆ ಎಷ್ಟೋ ಸಂದರ್ಶನಗಳಲ್ಲಿ ಹೇಳಿದ್ದಾನೆ. ನಾಯಕ ನಟ ಚಾರ್ಲ್ಸ್ ಬೋಯೆ ಒಂದು ದಿನ ಹೋಟೆಲಿನಲ್ಲಿ ಸಿಕ್ಕಿದ. ಇವತ್ತು ಯಾವ ಸೀನ್ ಅಂತ ಕೇಳಿದರೆ, ಜಿರಳೆ ಸೀನ್, ಆದರೆ ಅದನ್ನು ಬದಲಾಯಿಸಿದ್ದೇವೆ ಅಂದ. ಉತ್ತರ ಕೊಡಲು ಬಾರದ ಜಿರಳೆ ಜೊತೆ ನಾನ್ಯಾಕೆ ಮಾತಾಡಲಿ ಅನ್ನುವುದು ಅವನ ವಾದ. ನಿರ್ದೇಶಕ ಮಿಚೆಲ್ ಲೀಸನ್ ಒಪ್ಪಿಕೊಂಡಿದ್ದ. ಸೀನ್ ಹೋಯಿತು. ವೈಲ್ಡರ್ ಮತ್ತು ಬ್ರಾಕೆಟ್ ಆಗ ಕೊನೆಯ ಭಾಗವನ್ನು ಇನ್ನೂ ಬರೆಯುತ್ತಿದ್ದರು. ಜಿರಳೆ ಜೊತೆ ಮಾತಾಡದವನು ಯಾರ ಜೊತೆಗೂ ಮಾತಾಡುವುದು ಬೇಡ ಅಂತ, ಒಳ್ಳೊಳ್ಳೆಯ ಮಾತುಗಳನ್ನೆಲ್ಲ ನಾಯಕಿಗೆ ಕೊಟ್ಟರಂತೆ.

ಹೇಳುವವರು ಇದನ್ನು ತಮಾಷೆಯ ಕಥೆಯಾಗಿ ಹೇಳುತ್ತಾರೆ. ನನಗೆ ಓದಿದಾಗಲೆಲ್ಲ ಹೊಟ್ಟೆ ಸಂಕಟ ಆಗುತ್ತದೆ. ಯಾಕೆಂದರೆ ಆ ಜಿರಳೆ ಸುಮ್ನೆ ಬಂದದ್ದಲ್ಲ. ಮೆಕ್ಸಿಕಾಲಿಯಲ್ಲಿ ಕಾಗದಪತ್ರ ಇಲ್ಲದೆ ಅಧಿಕಾರಿಯ ಮುಂದೆ ನಿಂತಿದ್ದವನು ವೈಲ್ಡರ್. ಆ ಕಡೆ ನಿಂತು ಪ್ರಶ್ನೆ ಕೇಳುವವನ ದನಿ ಹೇಗಿರುತ್ತದೆ ಅಂತ ಬಲ್ಲವನು. ತನಗೆ ಕೇಳಿದ್ದ ಪ್ರಶ್ನೆಯನ್ನು ಆತ ಒಂದು ಹುಳುವಿಗೆ ಕೇಳಿಸಿದ. ಆ ಕೋಣೆಯಲ್ಲಿ ಕೂತವನ ಮಟ್ಟಿಗೆ ತಾನು ಬೇರೆ, ಆ ಜಿರಳೆ ಬೇರೆ ಅಲ್ಲ. ನಟನಿಗೆ ಅಲ್ಲಿ ಕಂಡದ್ದು ಹುಳು ಮಾತ್ರ. ಅವನಿಗೆ ಹೀಗೆ ಅಂತ ಹೇಳಲು ಬರೆದವನು ಅಲ್ಲಿರಲಿಲ್ಲ. ಆ ಕಾಲದಲ್ಲಿ ಬರಹಗಾರರು ಸೆಟ್‌ಗೆ ಬರುವುದು ನಿರ್ದೇಶಕರಿಗೆ ಹಿಡಿಸುತ್ತಲೂ ಇರಲಿಲ್ಲ.

ನನ್ನ ಕಾಫಿ ಲೋಟವೂ ಹಾಗೆಯೇ. ತಿಪಟೂರಿನ ಮನೆಯಲ್ಲಿ ನಮ್ಮಮ್ಮ ಆ ಬಾಗಿಲಲ್ಲಿ ಕೂತಿದ್ದಳು. ಲೋಟ ಬಿಸಿ ಮಾಡಿ ತಂದಿಟ್ಟವಳು ನನ್ನ ಅಜ್ಜಿ, ಅಪ್ಪನ ಅಮ್ಮ. ನನಗೆ ಆಗ ಎಂಟೋ ಒಂಬತ್ತೋ ವರ್ಷ. ಅವರಿಬ್ಬರ ನಡುವೆ ಅದಾದ ಮೇಲೆ ಜಗಳ ಆಗಲೇ ಇಲ್ಲ ಅಂತೇನೂ ಅಲ್ಲ. ಆದರೆ ಅಜ್ಜಿ ಸೆರಗಲ್ಲಿ ಹಿಡಿದಿದ್ದ ಆ ಲೋಟ, ಅಮ್ಮ ಅದನ್ನು ನೋಡಿದ ರೀತಿ ನನಗೆ ಹಾಗೇ ನೆನಪಿದೆ. ಸ್ಟೀಲ್ ಲೋಟ, ಅಂಚಿನ ಹತ್ತಿರ ಅಪ್ಪನ ಹೆಸರು ಕೊರೆಸಿತ್ತು.

ಲೀಸನ್ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಆತ ಕೆಟ್ಟ ನಿರ್ದೇಶಕ ಅಲ್ಲ. ಇದೇ ಜೋಡಿ ಬರೆದು ಆತ 1939ರಲ್ಲಿ ತೆಗೆದ 'ಮಿಡ್‌ನೈಟ್' ನನಗೆ ತುಂಬಾ ಇಷ್ಟದ ಸಿನಿಮಾ. 'ಹೋಲ್ಡ್ ಬ್ಯಾಕ್ ದ ಡಾನ್' ಕೂಡ ಸೋಲಲಿಲ್ಲ. ಅತ್ಯುತ್ತಮ ಚಿತ್ರ, ಚಿತ್ರಕಥೆ ಎರಡಕ್ಕೂ ಆಸ್ಕರ್ ನಾಮನಿರ್ದೇಶನ ಸಿಕ್ಕಿತ್ತು. ಜಿರಳೆ ಇಲ್ಲದೆಯೂ ಸಿನಿಮಾ ಓಡಿತು. ನನ್ನ ಲೋಟ ಇಲ್ಲದೆಯೂ ಆ ವಾರದ ಟಿಆರ್‌ಪಿ ಚೆನ್ನಾಗೇ ಬಂತು. ಕಷ್ಟ ಇರುವುದು ಇಲ್ಲೇ. ಕಳೆದುಹೋದದ್ದು ಏನು ಅಂತ ಬರೆದವರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಾಗುವುದಿಲ್ಲ.

ಕುರ್ಚಿ ಬದಲಾಯಿಸಿದವನು

ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ ಅಂತ ಒಂದೇ ಕಾರ್ಡಿನಲ್ಲಿ ಒಂದೇ ಹೆಸರು ಬರುವುದು ನಮಗೆ ಎಷ್ಟು ಅಭ್ಯಾಸ ಆಗಿದೆ ಅಂದರೆ, ಅದು ಹಾಲಿವುಡ್‌ನಲ್ಲಿ ಒಂದು ಕಾಲಕ್ಕೆ ಊಹೆಗೂ ಕಷ್ಟವಿತ್ತು ಅನ್ನುವುದು ಬೇಗ ಹೊಳೆಯುವುದಿಲ್ಲ. ಸ್ಟುಡಿಯೋಗಳಲ್ಲಿ ಬರಹಗಾರರದ್ದು ಬೇರೆ ಕಟ್ಟಡ, ಬೇರೆ ಲೋಕ. ಅದೇ ಪ್ಯಾರಮೌಂಟ್‌ನಲ್ಲಿ ಪ್ರೆಸ್ಟನ್ ಸ್ಟರ್ಜಸ್ ಎಂಬ ಬರಹಗಾರ ತನ್ನ ಚಿತ್ರಕಥೆಯನ್ನು 10 ಡಾಲರಿಗೆ ಮಾರಿದ. ಷರತ್ತು ಒಂದೇ, ನಿರ್ದೇಶನ ತಾನೇ ಮಾಡಬೇಕು. 1940ರಲ್ಲಿ ಅದು 'ದ ಗ್ರೇಟ್ ಮೆಕ್‌ಗಿಂಟಿ' ಆಗಿ ಬಂತು, ಚಿತ್ರಕಥೆಗೆ ಆಸ್ಕರ್ ಪಡೆಯಿತು. ಬಾಗಿಲು ಒಂಚೂರು ತೆರೆಯಿತು. ವೈಲ್ಡರ್ ಆ ಸಂದಿನಲ್ಲಿ ಕಾಲಿಟ್ಟ.

ನಿರ್ದೇಶಕ ಹೊವರ್ಡ್ ಹಾಕ್ಸ್‌ಗಾಗಿ 'ಬಾಲ್ ಆಫ್ ಫೈರ್' ಬರೆದಾಗ, ಸೆಟ್‌ಗೆ ಹೋಗಿ ಕೂತು ಆತ ಕೆಲಸ ಮಾಡುವುದನ್ನು ನೋಡಿ ಕಲಿತ. 1942ರಲ್ಲಿ 'ದ ಮೇಜರ್ ಅಂಡ್ ದ ಮೈನರ್' ನಿರ್ದೇಶಿಸಿದ. ಬೇಕೆಂದೇ ಜನ ಒಪ್ಪುವಂಥ ಹಗುರವಾದ ಹಾಸ್ಯ ಆರಿಸಿಕೊಂಡಿದ್ದ. ಅಲ್ಲಿಂದ ಮುಂದಿನದು ನಿಮಗೆ ಗೊತ್ತಿರುವುದೇ. 'ಡಬಲ್ ಇಂಡೆಮ್ನಿಟಿ', 'ದ ಲಾಸ್ಟ್ ವೀಕೆಂಡ್', 'ಸನ್‌ಸೆಟ್ ಬುಲೆವಾರ್ಡ್'.

ನಿರ್ದೇಶಕನಾದ ಮೇಲೂ ಆತ ಬರೆಯುವುದು ಬಿಡಲಿಲ್ಲ, ಒಬ್ಬನೇ ಬರೆಯಲೂ ಇಲ್ಲ. ಯಾವಾಗಲೂ ಪಕ್ಕದಲ್ಲಿ ಒಬ್ಬರು ಬೇಕು. ಇಂಗ್ಲಿಷ್ ಆತನ ತಾಯಿನುಡಿ ಅಲ್ಲ. ರೇಡಿಯೋ ಕೇಳಿ ಕೇಳಿ ಕಲಿತ ಭಾಷೆ. ಮೊದಮೊದಲು ಅದಕ್ಕಾಗಿ ಜೊತೆಗಾರ ಬೇಕಿತ್ತು ಅಂತ ಹೇಳುವವರಿದ್ದಾರೆ. ನಿಜವೂ ಇರಬಹುದು. ಆದರೆ ಭಾಷೆ ಕೈವಶವಾದ ಮೇಲೂ, ಆರು ಆಸ್ಕರ್ ಮನೆಗೆ ಬಂದ ಮೇಲೂ ಆತ ಜೊತೆಗಾರನನ್ನು ಬಿಡಲಿಲ್ಲವಲ್ಲ. ಒಂದು ಮಾತನ್ನು ಜೋರಾಗಿ ಹೇಳಿದಾಗ ಎದುರಿಗೆ ಕೂತವನ ಮುಖ ಹೇಗಾಯಿತು ಅಂತ ನೋಡಬೇಕು. ಬರೆಯುವವರಿಗೆ ಅದಕ್ಕಿಂತ ನಂಬುವಂಥ ಪರೀಕ್ಷೆ ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ.

ಬ್ರಾಕೆಟ್ ಜೊತೆಗಿನ ನಂಟು 1950ಕ್ಕೆ ಮುಗಿಯಿತು. ಕೆಲವು ವರ್ಷ ಬೇರೆ ಬೇರೆಯವರು. ಆಮೇಲೆ ಸಿಕ್ಕಿದ್ದು ಐ.ಎ.ಎಲ್. ಡೈಮಂಡ್. ಆತನೂ ಹೊರಗಿಂದ ಬಂದವನೇ. ಹುಟ್ಟಿದ್ದು ಆಗಿನ ರೊಮೇನಿಯಾದ ಉಂಗೆನಿಯಲ್ಲಿ, ಬೆಳೆದಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಶಾಲೆಯಲ್ಲಿ ಗಣಿತದಲ್ಲಿ ಎತ್ತಿದ ಕೈ. 1957ರಿಂದ 1981ರವರೆಗೆ ಇಬ್ಬರೂ ಸೇರಿ 12 ಸಿನಿಮಾ ಬರೆದರು. ಬೆಳಿಗ್ಗೆ ಆಫೀಸಿಗೆ ಬರುವುದು, ಬಾಗಿಲು ಹಾಕಿಕೊಳ್ಳುವುದು, ಸಂಜೆ ಹೋಗುವುದು. ವೈಲ್ಡರ್ ಕೈಯಲ್ಲಿ ಕೋಲು ಹಿಡಿದು ಓಡಾಡುತ್ತಿದ್ದ. ಡೈಮಂಡ್ ಟೈಪ್‌ರೈಟರ್ ಮುಂದೆ ಕೂತಿರುತ್ತಿದ್ದ.

'ಸಮ್ ಲೈಕ್ ಇಟ್ ಹಾಟ್' ಸಿನಿಮಾದ ಕೊನೆಯ ಮಾತು, "ಯಾರೂ ಪರಿಪೂರ್ಣರಲ್ಲ" ಅನ್ನುವುದು, ಬಂದಿದ್ದು ಡೈಮಂಡ್‌ನಿಂದ ಅಂತ ವೈಲ್ಡರ್ ಹೋದಲ್ಲೆಲ್ಲ ಹೇಳುತ್ತಿದ್ದ. ಸದ್ಯಕ್ಕೆ ಇದಿರಲಿ, ಇದಕ್ಕಿಂತ ಒಳ್ಳೆಯದು ಹೊಳೆದರೆ ಹಾಕೋಣ ಅಂತ ಇಟ್ಟಿದ್ದು. ಹೊಳೆಯಲಿಲ್ಲ. ಆ ಮಾತು ಇವತ್ತಿಗೂ ಸಿನಿಮಾ ಲೋಕದ ಅತಿ ಒಳ್ಳೆಯ ಕೊನೆಯ ಸಾಲು ಅನ್ನಿಸಿಕೊಂಡಿದೆ. ಬೇರೆಯವರಾಗಿದ್ದರೆ ತಾನೇ ಬರೆದೆ ಅಂತ ಸುಮ್ಮನಿರಬಹುದಿತ್ತು.

ನನಗೆ ಇದಕ್ಕಿಂತ ಮುಖ್ಯ ಅನ್ನಿಸಿದ್ದು ಇನ್ನೊಂದು. ಶೂಟಿಂಗ್ ನಡೆಯುವಾಗ ಡೈಮಂಡ್ ಸೆಟ್‌ನಲ್ಲೇ ಇರುತ್ತಿದ್ದ. ಸ್ಕ್ರಿಪ್ಟ್ ಹಿಡಿದು ಕೂತು, ನಟರ ಬಾಯಲ್ಲಿ ಬರುವ ಒಂದೊಂದು ಮಾತನ್ನೂ ಕೇಳಿಸಿಕೊಳ್ಳುತ್ತಿದ್ದ. ಶಾಟ್ ಮುಗಿದ ಮೇಲೆ ವೈಲ್ಡರ್ ಆತನ ಕಡೆ ನೋಡುತ್ತಿದ್ದ. ಒಂದು ಪದ ಆಚೀಚೆ ಆದರೂ ಮತ್ತೊಂದು ಟೇಕ್. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಬರೆದಾಯ್ತಲ್ಲ, ಇನ್ನು ನಿಮಗೇನು ಕೆಲಸ ಅಂತ ನನ್ನನ್ನು ಕೇಳಿದ್ದರಲ್ಲ. ಕೆಲಸ ಇದು. ಕೂತು ಕೇಳಿಸಿಕೊಳ್ಳುವುದು.

ಹಾಗಂತ ಬರೆದದ್ದನ್ನು ಮುಟ್ಟಲೇಬಾರದು ಅಂತ ಅವರೇನೂ ಹಟ ಹಿಡಿದಿರಲಿಲ್ಲ. 'ಸನ್‌ಸೆಟ್ ಬುಲೆವಾರ್ಡ್' ಮೊದಲು ಶುರುವಾಗುತ್ತಿದ್ದದ್ದು ಶವಾಗಾರದಲ್ಲಿ. ಬಟ್ಟೆ ಹೊದಿಸಿದ ಹೆಣಗಳು ತಾವು ಹೇಗೆ ಸತ್ತೆವು ಅಂತ ಒಂದಕ್ಕೊಂದು ಹೇಳಿಕೊಳ್ಳುವ ದೃಶ್ಯ. ಇಲಿನಾಯ್ ರಾಜ್ಯದ ಎವನ್‌ಸ್ಟನ್‌ನಲ್ಲಿ ಬಿಡುಗಡೆಗೆ ಮೊದಲು ಜನರಿಗೆ ತೋರಿಸಿದಾಗ, ಹೆಣದ ಕಾಲಿಗೆ ಚೀಟಿ ಕಟ್ಟುತ್ತಿದ್ದ ಹಾಗೇ ಎಲ್ಲರೂ ನಕ್ಕುಬಿಟ್ಟರು. ವೈಲ್ಡರ್ ಆ ಇಡೀ ಭಾಗ ಕಿತ್ತು ಹಾಕಿದ. ತೆಗೆದಿದ್ದಕ್ಕೆ ಕಾರಣ ಇತ್ತು, ತೆಗೆದವನು ಬರೆದವನೇ. ನನ್ನ ಲೋಟದ ದೃಶ್ಯವನ್ನೂ ಹಾಗೆ ಯಾರಾದರೂ ಕೂರಿಸಿಕೊಂಡು, ಇದು ಯಾಕೆ ಆಗುವುದಿಲ್ಲ ಅಂತ ಹೇಳಿದ್ದರೆ ನಾನು ಒಪ್ಪುತ್ತಿದ್ದೆನೋ ಏನೋ. ಯಾರೂ ಹೇಳಲಿಲ್ಲ.

ಒಡೆದ ಕನ್ನಡಿ

ಮಾತಿಗಾಗಿ ಇಷ್ಟೆಲ್ಲ ಹೊಡೆದಾಡಿದವನು, ತನ್ನ ಅತಿ ಒಳ್ಳೆಯ ಗಳಿಗೆಗಳನ್ನು ಮಾತಿಲ್ಲದ ವಸ್ತುಗಳ ಕೈಗೆ ಕೊಟ್ಟಿದ್ದಾನೆ. 1960ರ 'ದ ಅಪಾರ್ಟ್‌ಮೆಂಟ್' ಎಷ್ಟು ಸಲ ನೋಡಿದ್ದೇನೋ. ನ್ಯೂಯಾರ್ಕಿನ ದೊಡ್ಡ ವಿಮಾ ಕಂಪನಿಯ ಗುಮಾಸ್ತ ಬ್ಯಾಕ್ಸ್‌ಟರ್. ಮೇಲಧಿಕಾರಿಗಳ ಕಳ್ಳ ಪ್ರಣಯಕ್ಕೆ ತನ್ನ ಮನೆಯ ಕೀ ಕೊಟ್ಟು ಬಡ್ತಿ ಪಡೆಯುತ್ತಿದ್ದಾನೆ. ಒಂದು ದಿನ ಮನೆಯಲ್ಲಿ ಯಾರೋ ಬಿಟ್ಟುಹೋದ ಪೌಡರ್ ಡಬ್ಬಿ ಸಿಗುತ್ತದೆ. ಅದರೊಳಗಿನ ಕನ್ನಡಿ ಬಿರುಕು ಬಿಟ್ಟಿದೆ. ಯಾರದು ಅಂತ ಅವನಿಗೆ ಗೊತ್ತಿಲ್ಲ. ದೊಡ್ಡ ಸಾಹೇಬ ಶೆಲ್ಡ್ರೇಕ್‌ಗೆ ವಾಪಸ್ ಕೊಡುತ್ತಾನೆ.

ಕ್ರಿಸ್‌ಮಸ್ ಬಂತು. ಆಫೀಸಿನಲ್ಲಿ ಪಾರ್ಟಿ, ಗಲಾಟೆ, ಕುಡಿತ. ಬ್ಯಾಕ್ಸ್‌ಟರ್ ಬಡ್ತಿ ಸಿಕ್ಕಿದ ಖುಷಿಗೆ ಹೊಸ ಹ್ಯಾಟ್ ಕೊಂಡಿದ್ದಾನೆ. ಲಿಫ್ಟ್ ನಡೆಸುವ ಹುಡುಗಿ ಫ್ರಾನ್ ಮೇಲೆ ಅವನಿಗೆ ಮನಸ್ಸು. ಹೇಗಿದೆ ನೋಡು ಅಂತ ಹ್ಯಾಟ್ ಹಾಕಿ ತೋರಿಸುತ್ತಾನೆ. ಅವಳು, ನೀವೇ ನೋಡಿಕೊಳ್ಳಿ ಅಂತ ತನ್ನ ಪರ್ಸಿನಿಂದ ಡಬ್ಬಿ ತೆಗೆದು ಬಿಚ್ಚಿ ಕೊಡುತ್ತಾಳೆ. ಅದೇ ಡಬ್ಬಿ. ಅದೇ ಬಿರುಕು. ಅದರಲ್ಲಿ ಹ್ಯಾಟ್ ಹಾಕಿದ ಅವನ ಮುಖ ಎರಡಾಗಿ ಕಾಣುತ್ತದೆ. ಕನ್ನಡಿ ಒಡೆದಿದೆಯಲ್ಲ ಅನ್ನುತ್ತಾನೆ. ಗೊತ್ತು, ನನಗೆ ಹೀಗೇ ಇಷ್ಟ, ಒಳಗೆ ಹೇಗಿದ್ದೇನೋ ಹಾಗೇ ಕಾಣುತ್ತೇನೆ ಅನ್ನುತ್ತಾಳೆ ಅವಳು. ಅವಳಿಗೆ ಅವನ ಸ್ಥಿತಿ ಗೊತ್ತಿಲ್ಲ. ಅವನು ತನ್ನದನ್ನು ಹೇಳುವುದಿಲ್ಲ. ಹೊರಗೆ ಜನ ಕೂಗಾಡುತ್ತಲೇ ಇದ್ದಾರೆ.

ಇಲ್ಲಿ ಇಬ್ಬರ ಬದುಕು ಒಂದೇ ಏಟಿಗೆ ಬಿರಿಯುತ್ತದೆ. ನೀನೇ ಅವಳಾ, ನನ್ನ ಮನೆಗೇ ಬರುತ್ತಿದ್ದೆಯಾ ಅಂತ ಒಂದು ಪುಟ ಬರೆಯುವುದು ಕಷ್ಟವಲ್ಲ. ನಮ್ಮ ಸೆಟ್‌ನಲ್ಲಾಗಿದ್ದರೆ ಒಂದೂವರೆ ಪುಟ. ಆದರೆ ಅಂಗೈಯಗಲದ ಕನ್ನಡಿ ಆ ಕೆಲಸ ಮಾಡುತ್ತಿರುವಾಗ ಮಾತು ಪಕ್ಕಕ್ಕೆ ನಿಲ್ಲಬೇಕು ಅಂತ ವೈಲ್ಡರ್‌ಗೂ ಡೈಮಂಡ್‌ಗೂ ಗೊತ್ತಿತ್ತು. ಇಂಥದ್ದನ್ನು ಬರೆದು ಕಳಿಸಿ ಮನೆಯಲ್ಲಿ ಕೂರಲು ಆಗುವುದಿಲ್ಲ. ಸೆಟ್‌ನಲ್ಲಿ ಆ ದಿನ ಬೇರೆ ಕನ್ನಡಿ ಸಿಕ್ಕಿತು, ಬಿರುಕು ಕಾಣಲಿಲ್ಲ ಅಂದರೂ ಮುಗಿಯಿತು. ಆ ಸಿನಿಮಾಗೆ ವೈಲ್ಡರ್ ಒಂದೇ ರಾತ್ರಿ ಮೂರು ಆಸ್ಕರ್ ಪಡೆದ: ನಿರ್ಮಾಣ, ನಿರ್ದೇಶನ, ಚಿತ್ರಕಥೆ. ಚಿತ್ರಕಥೆಯದನ್ನು ಡೈಮಂಡ್ ಜೊತೆ ಹಂಚಿಕೊಂಡ.

ಸಿನಿಮಾ ಇಲ್ಲದ 21 ವರ್ಷ

ನಿರ್ದೇಶಕನ ಕುರ್ಚಿಯೂ ಎಲ್ಲವನ್ನೂ ಕಾಯಲಿಲ್ಲ. ಮೂರು ಗಂಟೆಗೂ ಮೀರಿದ್ದ 'ದ ಪ್ರೈವೇಟ್ ಲೈಫ್ ಆಫ್ ಶೆರ್ಲಾಕ್ ಹೋಮ್ಸ್' 1970ರಲ್ಲಿ ಬಿಡುಗಡೆ ಆಗುವಾಗ ಎರಡು ಗಂಟೆ ಚಿಲ್ಲರೆಗೆ ಇಳಿದಿತ್ತು. ಕತ್ತರಿಸಿದ್ದರಲ್ಲಿ ಎಷ್ಟೋ ಭಾಗ ಮತ್ತೆ ಸಿಗಲೇ ಇಲ್ಲ. ಅಲ್ಲಿಂದ ಮುಂದೆ ಕಾಲ ಆತನ ಕಡೆಗಿರಲಿಲ್ಲ. ಕೊನೆಯ ಸಿನಿಮಾ 'ಬಡ್ಡಿ ಬಡ್ಡಿ' ಬಂದದ್ದು 1981ರಲ್ಲಿ. ವೈಲ್ಡರ್ ತೀರಿಕೊಂಡದ್ದು 2002ರ ಮಾರ್ಚ್ 27ರಂದು, 95ನೇ ವಯಸ್ಸಿನಲ್ಲಿ. ನಡುವೆ 21 ವರ್ಷ. ಸಿನಿಮಾ ಇಲ್ಲ. ಆದರೂ ಬೆವರ್ಲಿ ಹಿಲ್ಸ್‌ನ ಪುಟ್ಟ ಆಫೀಸಿಗೆ ಹೋಗುತ್ತಿದ್ದ. ನಾಜಿಗಳಿಂದ ಯಹೂದಿಗಳನ್ನು ಉಳಿಸಿದ ಶಿಂಡ್ಲರ್‌ನ ಕಥೆಯನ್ನು ತಾನು ಸಿನಿಮಾ ಮಾಡಬೇಕು, ಯೂರೋಪಿನಲ್ಲಿ ಕಳೆದುಕೊಂಡ ತನ್ನವರ ನೆನಪಿಗೆ ಅದು ಇರಬೇಕು ಅಂತ ಆಸೆಯಿತ್ತು. ಹಕ್ಕು ಆಗಲೇ ನಿರ್ದೇಶಕ ಸ್ಪೀಲ್‌ಬರ್ಗ್ ಕಡೆ ಇತ್ತು.

ಥಾಲ್‌ಬರ್ಗ್ ಪ್ರಶಸ್ತಿ ತೆಗೆದುಕೊಂಡು ಮೆಕ್ಸಿಕಾಲಿಯ ಕಥೆ ಹೇಳಿದ್ದು 1988ರ ಏಪ್ರಿಲ್ 11ರಂದು. ಹತ್ತು ದಿನ ಆದ ಮೇಲೆ, ಏಪ್ರಿಲ್ 21ರಂದು, ಡೈಮಂಡ್ ಹೋಗಿಬಿಟ್ಟ. ಆ ಆಫೀಸಿನಲ್ಲಿ ಎದುರಿಗಿನ ಕುರ್ಚಿ ಖಾಲಿಯಾಯಿತು. ಹದಿನಾಲ್ಕು ವರ್ಷ ಹಾಗೆ. ಒಂದು ಸಾಲು ಹೊಳೆದರೆ ಯಾರ ಕಡೆ ತಿರುಗಿ ಹೇಳುವುದು? ಆತ ಹೇಗೆ ದಿನ ಕಳೆದಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಧಾರಾವಾಹಿಯ ಕೆಲಸ ನಾನು ಬಿಟ್ಟು ಒಂದು ವರ್ಷದ ಮೇಲಾಯಿತು. ಈಗ ಗೆಳತಿಯೊಬ್ಬಳ ಜೊತೆ ಕೂತು ಒಂದು ಕಿರುಚಿತ್ರ ಬರೆಯುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಅವಳ ಮನೆಯಲ್ಲಿ. ಅದರಲ್ಲಿ ಹಿತ್ತಲ ಬಾಗಿಲಿದೆ, ಲೋಟ ಇದೆ. ಹೋದ ವಾರ ಅವಳು ಆ ಪುಟ ಓದಿ ತುಂಬಾ ಹೊತ್ತು ಸುಮ್ಮನಿದ್ದಳು. "ಆರಿಹೋಗಿತ್ತು ಅನ್ನೋದನ್ನೂ ತೆಗೆದುಬಿಡೋಣ ಕಣೇ. ಲೋಟ ತಂದಿಟ್ರೆ ಸಾಕಲ್ವಾ?" ಅಂದಳು. ಒಂದು ವಾರ ಅದನ್ನೇ ಯೋಚಿಸಿದೆ. ಬಸ್ಸಿನಲ್ಲಿ, ಅಡಿಗೆಮನೆಯಲ್ಲಿ ಆ ಮಾತಿಲ್ಲದೆ ದೃಶ್ಯವನ್ನು ಕಣ್ಣಮುಂದೆ ತಂದುಕೊಂಡು ನೋಡಿದೆ. ಚೆನ್ನಾಗೇ ಇತ್ತು. ಆದರೂ ಈ ಭಾನುವಾರ ಹೋಗಿ, ಬೇಡ, ಇರಲಿ ಅಂದೆ. ಯಾಕೆ ಅಂತ ಕೇಳಿದಳು. ಅಜ್ಜಿ ಲೋಟ ಇಟ್ಟು ಆ ಮಾತು ಹೇಳುವಾಗ ಅಮ್ಮನ ಮುಖ ನೋಡುತ್ತಿರಲಿಲ್ಲ, ಹಿತ್ತಲ ಕರಿಬೇವಿನ ಗಿಡದ ಕಡೆ ನೋಡಿಕೊಂಡು ಹೇಳಿದ್ದಳು ಅಂದೆ. ಗೆಳತಿ ಪೆನ್ನು ಎತ್ತಿಕೊಂಡು, "ಮತ್ತೆ ಅದನ್ನ ಬರೆದೇ ಇಲ್ವಲ್ಲೇ ನೀನು" ಅಂತ, ಆ ಸಾಲಿನ ಪಕ್ಕ ಕರಿಬೇವಿನ ಗಿಡ ಅಂತ ಬರೆದುಕೊಂಡಳು.